ವಾರ್ನಿಶ್ ಹೊಡೆದ ತೆನೆಗೊಂಚಲು

ನಮ್ಮ ಪಡಸಾಲೆಯ ಗುಬ್ಬಿಗಳು ಚಳಿಗೆ ಹೋಗಲಿಲ್ಲ, ಮೊಬೈಲ್ ಟವರಿಗೆ ಹೆದರಿಯೂ ಹೋಗಲಿಲ್ಲ. ನನ್ನ ಮೊಮ್ಮಗಳೂ ಅವಳ ಕಾಲೇಜಿನವರೂ ಸೇರಿ ಅವುಗಳ ಕಾಳಿಗೆ ವಾರ್ನಿಶ್ ಹೊಡೆದರು. ತಿನ್ನಲು ಏನೂ ಉಳಿಯಲಿಲ್ಲ, ಹೋದವು. ನಡೆದದ್ದು ಇಷ್ಟೇ.

ಜೋಳ ಕೊಯ್ಯುವಾಗ ಒಳ್ಳೊಳ್ಳೆಯ ತೆನೆ ಆರಿಸಿ, ದಂಟು ಉದ್ದ ಬಿಟ್ಟು ಕತ್ತರಿಸಿ, ನೀರಲ್ಲಿ ನೆನೆಹಾಕಿ, ಜಡೆ ಹೆಣೆದಂತೆ ಹೆಣೆದು ಪಡಸಾಲೆಯ ತೊಲೆಗೆ ಕಟ್ಟುವುದು ನನ್ನ ತವರಿನಲ್ಲೂ ಇತ್ತು, ಈ ಮನೆಯಲ್ಲೂ ಇತ್ತು. ತೆನೆಯ ತಲೆ ಕೆಳಗಿರಬೇಕು. ಆಗ ಗುಬ್ಬಿ ಕಾಲು ಊರಿ ಜೋತು ಬಿದ್ದು ತಿನ್ನುತ್ತದೆ, ಬೆಕ್ಕಿಗೆ ನಿಲುಕುವುದಿಲ್ಲ. ಅದು ಗುಬ್ಬಿಯ ಪಾಲು. ಮನೆಯಲ್ಲಿ ಹಿಟ್ಟು ಮುಗಿದರೂ ಅದಕ್ಕೆ ಯಾರೂ ಕೈ ಹಚ್ಚುವುದಿಲ್ಲ.

ಈಗ ಕುಲಗೋಡದಲ್ಲಿ ಎತ್ತ ನೋಡಿದರೂ ಕಬ್ಬು. ಕಬ್ಬಿನಿಂದ ಗುಬ್ಬಿಗೇನು ಬಂತು? ಚಳಿಗಾಲ ಬಂತೆಂದರೆ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಕಬ್ಬು ಹೊತ್ತು ಹೋಗುತ್ತವೆ, ಹಿಂದೆ ಬರೀ ರವದಿ, ಒಣಗಿದ ಗರಿ ಉಳಿಯುತ್ತದೆ. ಅದಕ್ಕೇ ನಾನು ಮಗನ ಜೊತೆ ಜಗಳಾಡಿ ಬಾವಿಯ ಬಾಜೂ ನಾಲ್ಕು ಸಾಲು ಮುಂಗಾರಿ ಜೋಳ ಹಾಕಿಸುತ್ತೇನೆ. "ಗುಬ್ಬಿ ಸಲುವಾಗಿ ಹೊಲಾ ಬಿಡೂದೇನಬೇ ಯವ್ವಾ?" ಎಂದು ಅವನು ಪ್ರತಿ ವರ್ಷ ಕೇಳುತ್ತಾನೆ. ಪ್ರತಿ ವರ್ಷ ಬಿಡುತ್ತಾನೆ.

ಬೆಳಿಗ್ಗೆ ಬಿಸಿಲು ಗೋಡೆಗೆ ಬೀಳುವವರೆಗೆ ಗುಬ್ಬಿಗಳು ಕರೆಂಟಿನ ತಂತಿಯ ಮೇಲೆ ಪುಕ್ಕ ಉಬ್ಬಿಸಿಕೊಂಡು ಉಂಡೆಯಾಗಿ ಕೂತಿರುತ್ತವೆ. ನಾನು ಚಹಾ ಹಿಡಿದುಕೊಂಡು ಕಟ್ಟೆಗೆ ಕೂತರೆ ಅವಕ್ಕೂ ಗೊತ್ತು, ಹೊತ್ತಾಯಿತೆಂದು. ಮೊದಲು ಎದೆ ಕಪ್ಪಗಿರುವ ಗಂಡು ಬರುತ್ತದೆ, ಜಗಳಗಂಟ. ಬಂದವರನ್ನೆಲ್ಲ ಕುಕ್ಕುವುದರಲ್ಲೇ ಅದರ ಹೊತ್ತು ಹೋಗುತ್ತದೆ, ಅಷ್ಟರಲ್ಲಿ ಹೆಣ್ಣುಗಳು ಹೊಟ್ಟೆ ತುಂಬಿಸಿಕೊಂಡಿರುತ್ತವೆ. ಒಮ್ಮೊಮ್ಮೆ ಗಿಳಿ ಬರುತ್ತದೆ. ಅದು ಶ್ರೀಮಂತರ ಮನೆಯ ಕೂಸು, ಅರ್ಧ ತಿಂದು ಅರ್ಧ ಚೆಲ್ಲುತ್ತದೆ. ಮಧ್ಯಾಹ್ನದೊಳಗೆ ಕಟ್ಟೆಯ ತುಂಬ ಹೊಟ್ಟು. ಸೊಸೆ ಗೊಣಗುತ್ತ ಗುಡಿಸುತ್ತಾಳೆ. ಗೊಣಗಲಿ, ಗುಡಿಸುತ್ತಾಳಲ್ಲ.

ಮೊಮ್ಮಗಳು ಗೋಕಾಕದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಒಂದು ಸಂಜೆ ಬಂದವಳೇ ತೊಲೆಯ ಕಡೆ ನೋಡುತ್ತ ನಿಂತಳು.

"ಆಯಿ, ಈ ಗೊಂಚಲ ಒಂದ್ ದಿನ ಒಯ್ಯಲೇನ? ಕಾಲೇಜಿನ್ಯಾಗ ಹಳ್ಳಿ ಸೊಗಡಂತ ಕಾರ್ಯಕ್ರಮ ಐತಿ. ಸ್ಟೇಜಿಗೆ ಕಟ್ಟೂದೈತಿ."

"ಅದು ನಂದಲ್ಲ, ಗುಬ್ಬೀದು. ಅವನ್ನ ಕೇಳು."

"ಕೇಳೀನಿ. ಹೂಂ ಅಂದಾವು."

"ನನಗ ಊಹೂಂ ಅಂದಾವು," ಎಂದೆ. ಮಾತು ಮುಗಿಯಿತು ಎಂದುಕೊಂಡೆ.

ಆ ವಾರವೇ ನಾನು ಮೊಣಕಾಲು ತೋರಿಸಲು ಮೂಡಲಗಿಗೆ ಹೋಗಿದ್ದೆ. ತಿರುಗಿ ಬಂದು ನೋಡಿದರೆ ತೊಲೆ ಬೋಳು. ಗುಬ್ಬಿಗಳು ತಂತಿಯ ಮೇಲೆ ಕೂತು ತೊಲೆಯನ್ನೇ ನೋಡುತ್ತಿದ್ದವು. ಸೊಸೆಯನ್ನು ಕೇಳಿದೆ.

"ಒಂದ್ ದಿನದ ಮಾತ್ರಿ ಅತ್ತಿ. ಒಂದಿನಕ್ಕ ಗುಬ್ಬಿ ಏನ್ ಸಾಯೂದಿಲ್ಲ ಬಿಡ್ರಿ."

"ನಾಳೆ ಒಂದಿನ ನಿನಗ ರೊಟ್ಟಿ ಇಲ್ಲ. ಸಾಯ್ತೀಯೇನ ನೋಡೂಣು."

ಅವಳು ನಕ್ಕಳು. ನಾನು ನಗಲಿಲ್ಲ.

ಗೊಂಚಲು ಮರುದಿನ ಸಂಜೆ ಬಂತು, ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಮದುಮಗಳ ಹಾಗೆ. ಮೊದಲ ಬಹುಮಾನ ಬಂದಿತ್ತಂತೆ. ಮೊಮ್ಮಗಳು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಪ್ಯಾಂಟಿನ ಮೇಲೆ ಧೋತರ ಸುತ್ತಿಕೊಂಡ ಹುಡುಗರು. ಇಳಕಲ್ ಸೀರೆ ಉಟ್ಟು ಬೀಸುಕಲ್ಲಿನ ಮುಂದೆ ಕೂತ ಹುಡುಗಿಯರು. ಕಲ್ಲಿನಲ್ಲಿ ಒಂದು ಕಾಳಿಲ್ಲ. ಅವರ ತಲೆಯ ಮೇಲೆ ನನ್ನ ಗೊಂಚಲು, ಅದರ ಹಿಂದೆ ದೊಡ್ಡ ಫಲಕ. ಅಕ್ಷರ ದೊಡ್ಡವಿದ್ದವು, ನನಗೂ ಓದಲು ಬಂತು. ಗುಬ್ಬಚ್ಚಿ ಉಳಿಸಿ ಎಂದು ಬರೆದಿದ್ದರು.

ತೆನೆ ಫಳಫಳ ಹೊಳೆಯುತ್ತಿತ್ತು. ಧೂಳು ಒರೆಸಿ ಎಣ್ಣೆಗಿಣ್ಣೆ ಸವರಿರಬೇಕು ಎಂದುಕೊಂಡೆ. ನೆಗಡಿಯಾಗಿತ್ತು, ವಾಸನೆ ಹತ್ತಲಿಲ್ಲ. ಮಗ ಏಣಿ ಹಾಕಿ ಮತ್ತೆ ಕಟ್ಟಿದ.

ಬೆಳಿಗ್ಗೆ ಗುಬ್ಬಿಗಳು ಬಂದವು. ಕುಕ್ಕಿದವು, ಕೊಕ್ಕನ್ನು ದಂಟಿಗೆ ಆಚೆ ಈಚೆ ಒರೆಸಿದವು, ತಂತಿಗೆ ಹೋಗಿ ಕೂತವು. ಮತ್ತೆ ಬಂದವು. ಒಂದು ಹೆಣ್ಣು ಬಹಳ ಹೊತ್ತು ಜೋತು ಬಿದ್ದು ಒಂದೇ ಕಾಳನ್ನು ಜಗ್ಗಿತು, ಜಗ್ಗಿತು, ಬರಲಿಲ್ಲ. ಮಾರನೆಯ ದಿನ ಕೆಲವಷ್ಟೇ ಬಂದವು. ಆಮೇಲೆ ಒಂದೂ ಇಲ್ಲ.

ಬಾಜೂ ಮನೆಯಾಕೆ ಹಣಿಕಿ ಹಾಕಿ, "ಟವರ್ ನಿಂತಾಗಿಂದ ಹಿಂಗ ನೋಡ್ರಿ," ಎಂದಳು. ಟವರ್ ನಿಂತು ಎಷ್ಟೋ ವರ್ಷವಾಯಿತು, ಗುಬ್ಬಿ ಹೋದದ್ದು ಮೊನ್ನೆ. ಮಗ, "ಥಂಡಿ ಭಾಳ ಐತಿ ಯವ್ವಾ, ಎಲ್ಲೆರ ಬೆಚ್ಚಗ ಕುಂತಿರತಾವು," ಎಂದ. ಥಂಡಿಯಲ್ಲೇ ಅಲ್ಲವೇ ಹೊಟ್ಟೆಗೆ ಹೆಚ್ಚು ಬೇಕಾದದ್ದು? ಸೊಸೆಯೊಬ್ಬಳು ಮಾತ್ರ ಖುಷಿಯಲ್ಲಿದ್ದಳು. "ಕಟ್ಟಿ ಎಷ್ಟ ಸ್ವಚ್ಛ ಐತಿ ನೋಡ್ರಿ ಅತ್ತಿ, ಒಂದ್ ಹೊಟ್ಟ ಬಿದ್ದಿಲ್ಲ."

ಆಗ ನನಗೆ ಹೊಳೆಯಿತು. ಹೊಟ್ಟು ಬಿದ್ದಿಲ್ಲವೆಂದರೆ ಒಂದು ಕಾಳೂ ಒಡೆದಿಲ್ಲ. ಕೋಲಿನಿಂದ ಗೊಂಚಲನ್ನು ಜಗ್ಗಿ ಒಂದು ತೆನೆ ಮುರಿದುಕೊಂಡೆ. ಕಾಳು ಉಗುರಿಗೆ ಬಿಡಲಿಲ್ಲ. ಹಲ್ಲಿಗೆ ಹಾಕಿ ಕಡಿದೆ. ಕದಕ್ಕೆ ಬಳಿಯುವ ವಾರ್ನಿಶ್. ಉಗುಳಿ ಬಾಯಿ ತೊಳೆದರೂ ಆ ಕಹಿ ಸಂಜೆಯವರೆಗೆ ಹೋಗಲಿಲ್ಲ.

ಮೊಮ್ಮಗಳು ಬಸ್ಸಿಳಿದು ಬರುವುದನ್ನೇ ಕಾಯುತ್ತಿದ್ದೆ.

"ಇದಕ್ಕ ಏನ ಬಡದೀರಿ?"

"ವಾರ್ನಿಶ್ ಆಯಿ. ಕಾಳ ಉದರಬಾರದಂತ ಮೇಡಂ ಹೊಡಸಿದ್ರು. ಹುಳಾ ಹತ್ತೂದಿಲ್ಲ. ಹತ್ತ ವರ್ಷ ಹಿಂಗ ಇರತೈತಿ."

"ಹತ್ತ ವರ್ಷ ಇಟಗೊಂಡ ಗುಬ್ಬಿ ಏನ ಮಾಡ್ತಾವ? ಪೂಜಾ ಮಾಡ್ತಾವೇನ?"

ಮಗ ನಡುವೆ ಬಾಯಿ ಹಾಕಿದ. "ಹೋಗಲಿ ಬಿಡ ಯವ್ವಾ. ಚಂದ ಅಂತೂ ಕಾಣತೈತಿ. ಬಂದವರು ಫೋಟೋ ತಗೀತಾರ."

"ನಿನ್ನ ತಾಟಿನ್ಯಾಗಿನ ರೊಟ್ಟಿಗೂ ಹೊಡಸ್ತೇನಿ. ಅದೂ ಚಂದ ಕಾಣತೈತಿ. ಕುಂತ ಫೋಟೋ ತಕ್ಕೋ."

"ಅಂಗಳದಾಗ ಒಂದ್ ಮುಷ್ಟಿ ಅಕ್ಕಿ ಒಗದರಾತು," ಎಂದಳು ಮೊಮ್ಮಗಳು, ಸ್ವಲ್ಪ ಮೆತ್ತಗಾಗಿ.

"ಒಗಿ. ಚಕ್ಕಡಿ ಕೆಳಗ ಬೆಕ್ಕ ಕುಂತೈತಿ, ಅದಕ್ಕೂ ಊಟ ಆಗತೈತಿ."

ಅವಳು ಬಗ್ಗಿ ನೋಡಿದಳು. ಬೆಕ್ಕು ಕೂತೇ ಇತ್ತು.

ನನಗೆ ಸಿಟ್ಟು ಬಂದದ್ದು ವಾರ್ನಿಶ್ ಹೊಡೆದದ್ದಕ್ಕಷ್ಟೇ ಅಲ್ಲ. ಅಷ್ಟು ದೊಡ್ಡ ಕಾಲೇಜು. ಗೊಂಚಲು ಯಾಕೆ ಕಟ್ಟುತ್ತಾರೆ ಎಂದು ಒಬ್ಬರೂ ಕೇಳಲಿಲ್ಲವಲ್ಲ. ಅದರಲ್ಲಿರುವುದು ಕಾಳು, ಕಾಳು ಉದುರಲಿಕ್ಕೇ ಇರುವುದು. ನಮ್ಮ ಹುಡುಗಿ ಹುಟ್ಟಿದಾಗಿನಿಂದ ಆ ತೊಲೆಯ ಕೆಳಗೆ ಆಡಿದವಳು. ಅವಳಿಗೂ ಅದು ಶೃಂಗಾರವಾಗಿ ಕಂಡಿತು. ಬೇರೆಯವರನ್ನು ಏನೆಂದು ಬೈಯಲಿ?

ಹೊಸದು ಕಟ್ಟೋಣವೆಂದರೆ ತೆನೆ ಎಲ್ಲಿವೆ? ಮನೆಯ ಜೋಳವನ್ನೆಲ್ಲ ಬಡಿದು ಚೀಲಕ್ಕೆ ತುಂಬಿಯಾಗಿತ್ತು. ಊರಲ್ಲಿ ಅಲ್ಲಲ್ಲಿ ಇರುವ ಹಿಂಗಾರಿ ಜೋಳ ಇನ್ನೂ ಹಾಲುಗಾಳು. ಅದು ಬಲಿಯುವವರೆಗೆ ಆ ಗುಬ್ಬಿಗಳು ಎಲ್ಲಿ ಹೋಗಬೇಕು, ಕಬ್ಬಿನ ಗರಿ ತಿನ್ನಬೇಕೇ? ಹುಕ್ಕೇರಿಗೆ ಕೊಟ್ಟ ನನ್ನ ತಂಗಿಗೆ ಫೋನ್ ಹಚ್ಚಲು ಮಗನಿಗೆ ಹೇಳಿದೆ. ಅವಳ ಪಡಸಾಲೆಯಲ್ಲಿ ಈಗಲೂ ತೆನೆ ಕಟ್ಟುತ್ತಾರೆ.

"ಬಾ ಅಕ್ಕಾ, ಅರ್ಧಾ ಬಿಚ್ಚಿ ಕೊಡ್ತೇನಿ," ಎಂದಳು. "ಎಲ್ಲಾ ಮಾತ್ರ ಕೇಳಬ್ಯಾಡ. ನಮ್ಮವೂ ತಿನಬೇಕಲಾ."

ಕಾಳಿನ ಅರ್ಥ ಗೊತ್ತಿದ್ದವಳು ಅವಳೊಬ್ಬಳೇ ಉಳಿದಿದ್ದಾಳೆ ಎನಿಸಿತು.

ಮರುದಿನ ಬೆಳಿಗ್ಗೆ ಎದ್ದವಳೇ ಬಹುಮಾನದ ಗೊಂಚಲನ್ನು ರಿಬ್ಬನ್ ಸಮೇತ ಬಚ್ಚಲ ಒಲೆಗೆ ತುರುಕಿದೆ. ಭಗ್ಗೆಂದು ಹತ್ತಿತು, ನೀರು ಬೇಗ ಕಾಯಿತು. ಸ್ನಾನ ಮುಗಿಸಿ ಮೊಮ್ಮಗಳನ್ನು ಎಬ್ಬಿಸಿದೆ. ಇವತ್ತು ಕಾಲೇಜಿಲ್ಲ, ತೆನೆ ಹೊತ್ತು ತರುವುದಿದೆ ಎಂದೆ. ನಿಲ್ದಾಣದವರೆಗೂ ಮುಖ ಊದಿಸಿಕೊಂಡು ಬಂದಳು. ಗೋಕಾಕದಲ್ಲಿ ಬಸ್ ಬದಲಾಯಿಸಿ, ತೆನೆ ಕಟ್ಟಿ ತರಲು ಒಯ್ದಿದ್ದ ಹಳೆಯ ಸೀರೆಯ ಗಂಟನ್ನು ಅವಳ ತೊಡೆಯ ಮೇಲಿಟ್ಟು, ಕಂಡಕ್ಟರನಿಗೆ ಇಬ್ಬರ ಆಧಾರ್ ತೋರಿಸಿ, ಹುಕ್ಕೇರಿಗೆ ಎರಡು ಟಿಕೆಟ್ ಕೇಳಿದೆ.