ಎರಡು ಬೆರಳಿನ ಅಂಚು

ಟೈಲರಕ್ಕ ಹೋದ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಹೃದಯಾಘಾತ. ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದ ಗೆಳತಿಯಾದ ನಾನೂ.

ಅಳತೆ ಕೊಡಲು ಬಂದವರು ಕೈ ಎತ್ತಿ ನಿಂತಾಗ ಯಾಕೋ ಅವಳಿಗೆ ತಮ್ಮ ಕನಸು ಹೇಳುತ್ತಿದ್ದರು. ಟೇಪು ಬೆನ್ನ ಮೇಲೆ ಹರಿದಾಡುವಾಗ ಮನುಷ್ಯರಿಗೆ ಅರ್ಧ ನಿದ್ದೆ ಬರುತ್ತದೆ ಎನ್ನುತ್ತಿದ್ದಳು. ಒಬ್ಬರ ಕನಸಿನಲ್ಲಿ ಮೆಟ್ಟಿಲುಗಳು ನೀರಿಗಿಳಿದು ಅಲ್ಲೂ ಮುಂದುವರಿಯುತ್ತಿದ್ದವು. ಶಾಲೆಯ ಆಯಾಳ ಕನಸಿನಲ್ಲಿ, ತೀರಿಹೋದ ಅವಳ ಅಮ್ಮ ಆಕಾಶವನ್ನು ಕೊಡವಿ, ಮಡಚಿ, ಬೀರುವಿನಲ್ಲಿಡುತ್ತಿದ್ದಳು. ಗಿರಾಕಿ ಹೋದ ಮೇಲೆ ಟೈಲರಕ್ಕ ಎದೆ, ಸೊಂಟದ ಅಳತೆಯ ಕೆಳಗೇ ಆ ಕನಸನ್ನು ಬರೆದಿಡುತ್ತಿದ್ದಳು.

ಅವನ್ನೆಲ್ಲ ಸೇರಿಸಿ ಪುಸ್ತಕ ಮಾಡಿಸಲು ಹೊರಟಾಗ ಟೈಪು ಮಾಡಿದವಳು ನಾನು. ಕೇಳಿದಷ್ಟೇ ಪ್ರತಿ ಅಚ್ಚು ಹಾಕಿ ಕಳಿಸುವ ಕಂಪನಿ. ಒಂದು ಬೇಕೆಂದರೆ ಒಂದು. ಮೊದಲಿಗೆ ಮುಖಪುಟದ ಖರ್ಚು ಮಾತ್ರ. ಆದರೆ ಪುಟ ಹೆಚ್ಚಿದಂತೆ ಪ್ರತಿಯ ಬೆಲೆ ಏರುತ್ತದೆ, ಅದರ ಮೇಲೆ ಅಂಚೆ ಖರ್ಚು. ಅವಳೋ ಪುಟದ ನಾಲ್ಕೂ ಕಡೆ ಎರಡೆರಡು ಬೆರಳು ಖಾಲಿ ಬಿಡಿಸಿದಳು.

"ಇಷ್ಟೊಂದು ಜಾಗ ಯಾಕೇ?"

"ಒಳಗೆ ಬಟ್ಟೆ ಬಿಡದೆ ಯಾರಾದ್ರೂ ಹೊಲೀತಾರೇನೇ? ನಾಳೆ ಕನಸು ದಪ್ಪ ಆದ್ರೆ ಬಿಚ್ಚಿ ಬಿಡೋಕೆ ಬೇಕಲ್ಲ."

ನಾನು ನಕ್ಕು ಅವಳು ಹೇಳಿದಷ್ಟೇ ಅಂಚು ಬಿಟ್ಟೆ. ನೂರೈವತ್ತು ಪುಟ ಇನ್ನೂರ ಮೂವತ್ತಾಯಿತು.

ಮಾದರಿ ಪ್ರತಿ ಬಂದ ದಿನ ಆಯಾ ಅಂಗಡಿಗೆ ಬಂದಳು. ತನ್ನ ಕನಸನ್ನು ನಿಂತೇ ಓದಿದಳು, ಇನ್ನೊಮ್ಮೆ ಓದಿದಳು, ಆಮೇಲೆ ಹಿಂದೆ ತಿರುಗಿಸಿ ಬೆಲೆ ನೋಡಿದಳು.

"ನಂದೇ ಕನಸು ಅಕ್ಕ, ಇಷ್ಟು ದುಬಾರಿ ಅಂತ ಗೊತ್ತೇ ಇರ್ಲಿಲ್ಲ ನೋಡಿ!"

ನಗುತ್ತಲೇ ಪುಸ್ತಕವನ್ನು ಮೆಷಿನ್ನಿನ ಮೇಲೆ ಮೆಲ್ಲಗೆ ಇಟ್ಟು ಹೋದಳು. ಸುಮ್ಮನೆ ಕೊಟ್ಟರೆ ತೆಗೆದುಕೊಳ್ಳುವವಳಲ್ಲ. ಟೈಲರಕ್ಕ ಅಂದು ಒಂದು ಹೊಲಿಗೆಯನ್ನೂ ಹಾಕಲಿಲ್ಲ.

ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ನಮ್ಮ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತಳು. "ಅಂಚು ಚಿಕ್ಕದು ಮಾಡೇ," ಎಂದಳು. ಮಾಡಿದೆ. ಕನಸುಗಳು ಒಂದರ ಹತ್ತಿರ ಒಂದು ಸರಿದವು. ಆ ಮೆಟ್ಟಿಲಿನ ನೀರು ಆಯಾಳ ಅಮ್ಮನ ಬೀರುವಿನ ತನಕ ಬಂದಂತೆ ಕಂಡಿತು. ಬೆಲೆ ಇಳಿಯಿತು.

"ಆಯಾಗೆ ಇದೂ ಹೆಚ್ಚೇ," ಎಂದಳು.

ಕೊನೆಯ ಹದಿನೆಂಟು ಪುಟ ಟೈಲರಕ್ಕನದೇ ಕನಸು. ಅವಳು ಹೊಲಿದ ಬಟ್ಟೆಗಳೆಲ್ಲ, ಒಳಗೆ ಜನರಿಲ್ಲದೆ, ಬೀದಿಯಲ್ಲಿ ನಡೆದು ಬಂದು ಅವಳ ಅಳತೆ ತೆಗೆಯುತ್ತವೆ.

"ನಂದು ತೆಗೆದುಬಿಡೋಣ."

"ಇಡೀ ಪುಸ್ತಕದಲ್ಲಿ ಚೆನ್ನಾಗಿರೋದೇ ಅದು ಕಣೇ!"

"ನನಗೆ ಬಾಯಿಪಾಠ. ದುಡ್ಡು ಕೊಟ್ಟು ಓದ್ಬೇಕಾ ನಾನು?"

ನನಗೆ ಕೈ ಏಳಲಿಲ್ಲ. ಅವಳೇ ಮೌಸು ಹಿಡಿದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ನೀಲಿ ಎಳೆದು, ಅಳಿಸುವ ಗುಂಡಿ ಒತ್ತಿದಳು.