ಕೆಮ್ಮು ಬಂದಾಗ ನಿಲ್ಲಿಸುತ್ತಿದ್ದ ಕ್ಯಾಮೆರಾ

ಚಿನ್ನದ ಗಣಿ ಮುಚ್ಚಿದ ಮೇಲೆ ಬಂದ ಮೊದಲ ಅವರೆಕಾಯಿ ಕಾಲ ಅದು. ನಂದಿದುರ್ಗದ ಗಣಿ ಕೆಲಸಗಾರರ ನಮ್ಮ ಲೈನು ಮನೆಗಳಲ್ಲಿ ಆಗ ಗಂಡಸರೆಲ್ಲ ಹಾಡಹಗಲೇ ಬಾಗಿಲಲ್ಲಿ ಕೂತಿರುತ್ತಿದ್ದರು. ಗಣಿಯವರು ಲೆಕ್ಕ ತೀರಿಸಿ ಕೊಟ್ಟ ದುಡ್ಡಿನಲ್ಲಿ ಒಬ್ಬರು ಆಟೋ ತಂದರು, ಇನ್ನೊಬ್ಬರು ಫ್ರಿಜ್ ತಂದರು. ನಮ್ಮಪ್ಪ ಬೆಂಗಳೂರಿಗೆ ಹೋಗಿ ಅಂಗೈಯಗಲದ ವಿಡಿಯೊ ಕ್ಯಾಮೆರಾ ತಂದ.

"ನಿಂಗೇನ್ ತಲೆ ಕೆಟ್ಟೈತಾ? ಇಬ್ರು ಎಣ್ಮಕ್ಳು ಮನೇಲವ್ರೆ" ಎಂದು ಅಮ್ಮ ಹಾರಾಡಿದಳು.

"ಅದುಕ್ಕೇ ತಂದಿದ್ದು ಕಣೇ. ನಾನು ನೆಲದೊಳ್ಗೆ ಇದ್ದಾಗ ಇವ್ರು ಬೆಳ್ದ್‌ಬಿಟ್ರು. ನಾನೆಲ್ಲಿ ನೋಡ್ದೆ?" ಎಂದ ಅಪ್ಪ.

ಆದರೆ ಕ್ಯಾಮೆರಾ ಎತ್ತಿ ನಾಲ್ಕು ಹೆಜ್ಜೆ ನಡೆದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಅದು ಹನ್ನೊಂದು ವರ್ಷದ ನನ್ನ ಕೈಗೆ ಬಂತು. ಅವರೆಕಾಯಿ ಸುಲಿಯುವ ಅಕ್ಕ, ಹಿತಕಿದ ಬೇಳೆ ಸಾರಿಗೆ ಒಗ್ಗರಣೆ ಹಾಕುವ ಅಮ್ಮ, ಓಣಿಯ ಕುಂಟೆಬಿಲ್ಲೆ, ಎಲ್ಲವನ್ನೂ ತೆಗೆದೆ. ಸೊಗಡಿನ ವಾಸನೆಯೂ ಟೇಪಿನಲ್ಲಿ ಉಳಿಯುತ್ತದೆಂದು ನಂಬಿದ್ದ ಪೆದ್ದಿ ನಾನು.

ಗಣಿಯ ಧೂಳು ಅಪ್ಪನ ಎದೆಯಲ್ಲಿ ಕೂತುಬಿಟ್ಟಿತ್ತು. ನಾಲ್ಕು ಮಾತಾಡಿದರೆ ಕೆಮ್ಮು. ಅಷ್ಟರಲ್ಲಿ ಬೂದಿಕೋಟೆ ಕಡೆಯಿಂದ ಅಕ್ಕನಿಗೆ ಸಂಬಂಧ ಬಂತು. ಹಳ್ಳಿಯವರಿಗೆ ಕೆಮ್ಮೆಂದರೆ ಟೀಬಿ, ಟೀಬಿ ಇರುವ ಮನೆಯ ಹೆಣ್ಣನ್ನು ಯಾರೂ ತರುವುದಿಲ್ಲ. ಅಮ್ಮನೇ ಉಪಾಯ ಹುಡುಕಿದಳು.

"ಅವ್ರು ಬಂದಾಗ ನೀನು ಮನೇಲಿರ್ಬ್ಯಾಡ. ಟೀವೀಲಿ ತೋರುಸ್ತೀವಿ ನಿನ್ನ" ಎಂದು ಅಪ್ಪನಿಗೆ ಹೇಳಿ, ನನ್ನ ಕಡೆ ತಿರುಗಿದಳು. "ಕೆಮ್ಮು ಬಂದ್ ತಕ್ಷಣ ಆಫ್ ಮಾಡ್ಬೇಕು. ಗೊತ್ತಾಯ್ತೇನೇ?"

ಗೊತ್ತಾಯಿತು. ವಾರದಲ್ಲಿ ನನ್ನ ಹೆಬ್ಬೆರಳು ಎಷ್ಟು ಪಳಗಿತೆಂದರೆ, ಅಪ್ಪನ ಗಂಟಲು ಗೊರಗುಟ್ಟುವ ಮೊದಲೇ ಗುಂಡಿ ಒತ್ತುತ್ತಿತ್ತು. ನನಗೆ ಅದರ ಜಂಬ ಬೇರೆ.

ಗಂಡಿನ ಕಡೆಯವರು ಬಂದ ದಿನ ಅಪ್ಪ ಮಾರಿಕುಪ್ಪಂ ರೈಲು ಸ್ಟೇಷನ್ನಿಗೆ ಹೋಗಿ ಕೂತ. ಬಂಗಾರಪೇಟೆಯಲ್ಲಿ ಕೆಲಸವಿದೆಯಂತೆ ಎಂದು ಅಮ್ಮ ನಾಲಗೆ ತಡವರಿಸದೆ ಹೇಳಿದಳು. ಟೀವಿಯಲ್ಲಿ ಅಪ್ಪ ಮುದ್ದೆ ಮುರಿದ, ನಕ್ಕ, ಅಕ್ಕನ ಜಡೆ ಎಳೆದ. "ಯಜಮಾನ್ರು ಒಳ್ಳೆ ಗಟ್ಟಿ ಆಳು" ಎಂದರು ಹುಡುಗನ ದೊಡ್ಡಪ್ಪ. ಮಾತು ಕುದುರಿತು.

ಅವರು ಹೋದ ಮೇಲೆ ನಾನೇ ಸ್ಟೇಷನ್ನಿಗೆ ಓಡಿದೆ. ಅಪ್ಪ ಬಾಯಿಗೆ ಟವಲು ಹಿಡಿದು ಬೆಂಚಿನ ಮೇಲೆ ಕೂತಿದ್ದ.

"ಒಪ್ಪುದ್ರಾ?"

"ಊಂ. ನೀನು ಗಟ್ಟಿ ಆಳಂತೆ."

ಅಪ್ಪ ನಕ್ಕ. ನಗು ಕೆಮ್ಮಾಯಿತು. ಬೆಂಚಿನ ಆ ತುದಿಯಲ್ಲಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ದೂರ ಹೋದಳು.

ಮದುವೆಯ ದಿನ ಧಾರೆಯ ಹೊತ್ತಿಗೆ ಅಪ್ಪ ಮಾತ್ರೆ ನುಂಗಿ, ಹಲ್ಲು ಕಚ್ಚಿ ನಿಂತ. ಅಕ್ಕ ಗಂಡನ ಮನೆ ಸೇರಿದ ಮರುವಾರವೇ ಹಾಸಿಗೆ ಹಿಡಿದ. ಒಂದು ಸಂಜೆ ನನ್ನನ್ನು ಕರೆದ.

"ಕ್ಯಾಮ್ರಾ ತಗಂಬಾ. ನಿಂಗೊಂದ್ ಮಾತೇಳ್ಬೇಕು."

ಕೆಂಪು ದೀಪ ಹತ್ತಿತು. "ನೋಡಮ್ಮಾ, ನೀನು..." ಎನ್ನುವಷ್ಟರಲ್ಲಿ ಕೆಮ್ಮು. ನನ್ನ ಹೆಬ್ಬೆರಳು ತನ್ನ ಪಾಡಿಗೆ ತಾನು ಗುಂಡಿ ಒತ್ತಿತು. ಯಾರಿಂದಲೂ ಮುಚ್ಚಿಡಬೇಕಾದ್ದು ಆಗ ಏನೂ ಇರಲಿಲ್ಲ, ಆದರೂ ಒತ್ತಿದೆ. ಅಪ್ಪ ಬಾಯಿ ಒರೆಸಿಕೊಂಡು, ದಣಿವಾರಿಸಿಕೊಳ್ಳುತ್ತ, ಹೇಳಬೇಕಾದ್ದನ್ನು ಪೂರ್ತಿ ಹೇಳಿದ. ಹೊರಗೆ ಗೆಳತಿಯರು ಆಟಕ್ಕೆ ಕೂಗುತ್ತಿದ್ದರು. ನಾನು ತಲೆಯಾಡಿಸುತ್ತಲೇ ಇದ್ದೆ.

"ಎಲ್ಲಾ ಬಂತಾ ಅದ್ರಲ್ಲಿ?"

ದೀಪ ಆರಿದ್ದು ಆಗ ಕಣ್ಣಿಗೆ ಬಿತ್ತು. ಬೈಸಿಕೊಳ್ಳುವ ಭಯಕ್ಕೆ "ಬಂತಪ್ಪ" ಎಂದುಬಿಟ್ಟೆ.

"ಸರಿ ಬಿಡು. ದೊಡ್ಡೋಳಾದ್ಮೇಲೆ ನೋಡ್ಕೋ."

ನಾಲ್ಕನೇ ದಿನ ಹೋದ.

ಆ ಲೈನುಗಳಲ್ಲಿ ಈಗ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಸೂರು ಕುಸಿದ ನಮ್ಮ ಮನೆಯೊಳಗೆ ಜಾಲಿ ಬೆಳೆದಿದೆ. ಹೋದ ವರ್ಷ ಬಂಗಾರಪೇಟೆಯ ಅಂಗಡಿಯೊಂದರಲ್ಲಿ ಟೇಪನ್ನು ಫೋನಿಗೆ ಹಾಕಿಸಿದೆ. ಅಕ್ಕ ಎರಡು ಸಲ ನೋಡಿ, "ಅಪ್ಪ ಕೆಮ್ಮೋದು ಒಂದ್ಕಡೇನೂ ಇಲ್ವಲ್ಲೇ. ಇವ್ನ್ಯಾರೋ ಬೇರೆಯೋನು ಕಣೇ" ಎಂದು ಅತ್ತಳು. ಈಗಲೂ ಒಬ್ಬಳೇ ಇದ್ದಾಗ ಆ ಕೊನೆಯ ತುಣುಕನ್ನು ಹಾಕಿಕೊಳ್ಳುತ್ತೇನೆ. "ನೋಡಮ್ಮಾ, ನೀನು" ಎನ್ನುತ್ತಾನೆ. ಆಮೇಲೆ ಏನು ಹೇಳಿದನೋ, ನನಗೆ ಒಂದಕ್ಷರವೂ ನೆನಪಿಲ್ಲ.