ಬಾಕಿ ಇಲ್ಲದ ಶಾಖೆ

ಗಿರಿಜಾಂಬಿಕಾ ಅವರಿಗೆ ಸಿಟ್ಟು ಬಂದರೆ ಅಕ್ಷರ ಇನ್ನಷ್ಟು ದುಂಡಗಾಗುತ್ತದೆ. ಬೇರೆಯವರು ಸಿಟ್ಟಿನಲ್ಲಿ ಗೀಚಿದರೆ ಇವರು ಬಿಡಿಸಿ ಬಿಡಿಸಿ ಬರೆಯುತ್ತಾರೆ. ಬಸವನಕಟ್ಟೆಯ ವಿದ್ಯುತ್ ಶಾಖಾ ಕಚೇರಿಯಲ್ಲಿ ಇಪ್ಪತ್ತಮೂರು ವರ್ಷದಿಂದ ಸಹಾಯಕಿಯಾಗಿರುವ ಅವರ ಈ ಗುಣ ಲೈನ್‌ಮನ್ ರಂಗರಾಜುವಿಗೆ ಚೆನ್ನಾಗಿ ಗೊತ್ತು. ಆ ಸೋಮವಾರ ಬೆಳಗ್ಗೆ ಬಾಗಿಲಲ್ಲೇ ನಿಂತು ಮೇಜಿನ ಮೇಲಿನ ಹಾಳೆಯತ್ತ ಇಣುಕಿದ ಅವನು, ಅಕ್ಷರ ಮುತ್ತು ಪೋಣಿಸಿದ ಹಾಗಿರುವುದನ್ನು ಕಂಡು, ಬಂದ ದಾರಿಯಲ್ಲೇ ಹಿಂದಕ್ಕೆ ಹೋದ.

ಸಿಟ್ಟಿಗೆ ಕಾರಣ ಉಪವಿಭಾಗದಿಂದ ಬಂದ ಅರ್ಧ ಪುಟದ ಆದೇಶ. ಶಾಖೆಯಲ್ಲಿ ಉಳಿದಿದ್ದ ಇಬ್ಬರೇ ಲೈನ್‌ಮನ್‌ಗಳಲ್ಲಿ ಕಿರಿಯನಾದ ರುದ್ರೇಶ್‌ನನ್ನು ಮುಂದಿನ ಸೋಮವಾರದಿಂದ ತುರುವೇಕೆರೆ ಕಡೆಯ ಇನ್ನೊಂದು ಶಾಖೆಗೆ ಕಳಿಸಬೇಕಂತೆ. ಕೋಳಿ ಕೇಳಿ ಮಸಾಲೆ ಅರೆಯುವ ಪದ್ಧತಿ ಯಾವ ಕಚೇರಿಯಲ್ಲೂ ಇಲ್ಲ, ಒಪ್ಪೋಣ. ಆದರೆ ಮಂಜೂರಾದ ಹುದ್ದೆ ಒಂಬತ್ತು, ಇರುವವರು ಇಬ್ಬರು, ನೋಡಿಕೊಳ್ಳಬೇಕಾದ ಹಳ್ಳಿ ಮೂವತ್ತನಾಲ್ಕು. ರುದ್ರೇಶ್ ಹೋದರೆ ಉಳಿಯುವವನು ಐವತ್ತೆಂಟರ ರಂಗರಾಜು. ಅವನ ಮಂಡಿ ಎಂದೋ ಕೈಕೊಟ್ಟಿದೆ. ಕಂಬ ಹತ್ತುವುದಿರಲಿ, ಕಚೇರಿಯ ಮೂರು ಮೆಟ್ಟಿಲು ಹತ್ತುವಾಗಲೇ ಮೂರು ಸಲ ದೇವರನ್ನು ಕರೆಯುತ್ತಾನೆ.

ಶಾಖಾಧಿಕಾರಿ ಮಹಾಂತೇಶ್‌ಗೆ ಎರಡು ಶಾಖೆಗಳ ಉಸ್ತುವಾರಿ. ಇಲ್ಲಿ ಕೇಳಿದರೆ ಅಲ್ಲಿದ್ದಾರೆ ಎನ್ನುತ್ತಾರೆ, ಅಲ್ಲಿ ಕೇಳಿದರೆ ಇಲ್ಲಿದ್ದಾರೆ ಎನ್ನುತ್ತಾರೆ. ಆದೇಶದ ವಿಷಯ ಫೋನಿನಲ್ಲಿ ತಿಳಿಸಿದಾಗ ಅವರು ಹೇಳಿದ್ದು ಇಷ್ಟೇ: "ಮೇಡಂ, ಬಿಸಿ ಮುಟ್ಟೋ ಹಂಗೆ ಒಂದು ಟಿಪ್ಪಣಿ ಬರೆದಿಡಿ. ಸಂಜೆ ಬಂದು ಸೈನ್ ಹಾಕ್ತೀನಿ."

ಬರೆಯುವುದಕ್ಕೆ ಗಿರಿಜಾಂಬಿಕಾ ಯಾವತ್ತೂ ಸೋಮಾರಿತನ ಮಾಡಿದವರಲ್ಲ. ಹುಟ್ಟಿದ್ದು ಅರಳಗುಪ್ಪೆಯಲ್ಲಿ, ಕೊಬ್ಬರಿ ವ್ಯಾಪಾರಿ ರೇವಣಸಿದ್ದಯ್ಯನವರ ಹಿರೀ ಮಗಳಾಗಿ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಒಂದು ಚೀಲವೂ ಬಾಯಿ ಹೊಲಿಯದೆ ಉಳಿಯಬಾರದು ಎನ್ನುವುದು ಅಪ್ಪನ ಕಟ್ಟುನಿಟ್ಟು. ಅಪ್ಪನ ವ್ಯಾಪಾರ ತಮ್ಮನಿಗೆ ಹೋಯಿತು, ಕಟ್ಟುನಿಟ್ಟು ಮಗಳಿಗೆ ಬಂತು. ಕೆಲಸಕ್ಕೆ ಸೇರಿದ ಮೊದಲ ವಾರವೇ ದೂರಿನ ವಹಿಯಲ್ಲಿ ಹಿಂದಿನವರು ಬಿಟ್ಟುಹೋಗಿದ್ದ ನೂರಾರು ದೂರು ಕಂಡು ಅವರಿಗೆ ಊಟ ರುಚಿಸಿರಲಿಲ್ಲ. ಅಂದಿನಿಂದ ಇಂದಿನವರೆಗೆ, ಐದು ಗಂಟೆಗೆ ಬಾಕಿ ಎಂಬ ಕಾಲಂನಲ್ಲಿ ಸೊನ್ನೆ ಹಾಕದೆ ಅವರು ಬಸ್ಸು ಹತ್ತಿದವರಲ್ಲ. ಈಗ ಅದನ್ನೇ ಕಂಪ್ಯೂಟರಿಗೂ ಹಾಕುತ್ತಾರೆ. ಉಪವಿಭಾಗದ ಮೀಟಿಂಗಿನಲ್ಲಿ ಬಸವನಕಟ್ಟೆಯ ಹೆಸರು ಬಂದಾಗಲೆಲ್ಲ ಪರದೆ ಹಸಿರಾಗಿರುತ್ತದೆ, ಮಹಾಂತೇಶ್ ಎದೆಯುಬ್ಬಿಸಿ ಕೂರುತ್ತಾರೆ.

ಟಿಪ್ಪಣಿ ಎರಡು ಪುಟ ಬಂತು. ಖಾಲಿ ಹುದ್ದೆಗಳು, ಹಳ್ಳಿಗಳ ದೂರ, ಗಾಳಿ ಬೀಸಿದಾಗಲೆಲ್ಲ ಲೈನಿನ ಮೇಲೆ ಬೀಳುವ ತೆಂಗಿನ ಗರಿ, ರಂಗರಾಜುವಿನ ಮಂಡಿ, ವಾರದ ರಜೆಯನ್ನೇ ಕಾಣದ ರುದ್ರೇಶ್, ಒಂದೂ ಬಿಡಲಿಲ್ಲ. "ಸದರಿ ಶಾಖೆಯು ಸಿಬ್ಬಂದಿ ಕೊರತೆಯಿಂದ ತತ್ತರಿಸುತ್ತಿದೆ" ಎಂದು ಮುಗಿಸಿದರು. ಮಹಾಂತೇಶ್ ಓದಿ, "ಭೇಷ್ ಮೇಡಂ, ಇದನ್ನ ಓದಿದ್ಮೇಲೂ ಕಳಿಸ್ತೀವಿ ಅಂದ್ರೆ ಅವ್ರು ಮನುಷ್ಯರೇ ಅಲ್ಲ" ಎಂದು ಸಹಿ ಹಾಕಿದರು.

ಬುಧವಾರ ಅದೇ ಹಾಳೆ ವಾಪಸ್ಸು ಬಂತು. ಅಂಚಿನಲ್ಲಿ ಹಸಿರು ಶಾಯಿಯ ನಾಲ್ಕು ಸಾಲು: ನಿಮ್ಮದೇ ವಹಿಯಂತೆ ಕಳೆದ ಆರು ತಿಂಗಳಲ್ಲಿ ಬಂದ ಎಲ್ಲ ದೂರುಗಳೂ ಅದೇ ದಿನ ಪರಿಹಾರವಾಗಿವೆ. ಬಾಕಿ ಶೂನ್ಯ. ಆದ್ದರಿಂದ ಸಿಬ್ಬಂದಿ ಕೊರತೆ ಇದೆಯೆಂದು ಒಪ್ಪಲಾಗದು. ರುದ್ರೇಶ್‌ರನ್ನು ತಪ್ಪದೆ ಬಿಡುಗಡೆ ಮಾಡುವುದು.

"ಎಂಥ ಜನಪ್ಪ ಇವ್ರು!" ಎಂದು ಗಿರಿಜಾಂಬಿಕಾ ಖಾಲಿ ಕಚೇರಿಗೆ ಕೇಳಿಸುವಂತೆ ಹೇಳಿದರು. ಒಬ್ಬರಾದರೂ ಇತ್ತ ಬಂದು ನೋಡಿದ್ದಾರೆಯೇ? ಕಂಬ ಎಣಿಸಿದ್ದಾರೆಯೇ? ಬೈಯುತ್ತಲೇ ವಹಿ ತೆರೆದರು, ಎದುರುತ್ತರಕ್ಕೆ ಏನಾದರೂ ಸಿಗಲಿ ಎಂದು. ಪುಟ ತಿರುವಿದರೆ, ಸಾಲು ಸಾಲು ಅವರದೇ ಅಕ್ಷರ: "ಲೈನ್‌ಮನ್ ಸ್ಥಳಕ್ಕೆ ತೆರಳಿ ಸರಿಪಡಿಸಿದ್ದಾರೆ." ಒಂದೇ ದಿನ ಹನ್ನೊಂದು ಕಡೆ ಸರಿಪಡಿಸಿದ್ದಾರೆ. ರಂಗರಾಜು ಮಂಡಿಗೆ ಔಷಧಿ ತರಲು ತಿಪಟೂರಿಗೆ ಹೋಗಿದ್ದ ದಿನವೂ ಒಂಬತ್ತು ಕಡೆ ಸರಿಪಡಿಸಿದ್ದಾನೆ.

ನಿಜವಾಗಿ ಸರಿಪಡಿಸಿದವರು ತೋಟದವರೇ. ಈ ಸೀಮೆಯ ಜನಕ್ಕೆ ಕಾಯುವುದೆಂದರೆ ಆಗದು. ಲೈನಿನ ಮೇಲೆ ಗರಿ ಬಿದ್ದು ಮೋಟರು ನಿಂತರೆ, ಲೈನ್‌ಮನ್ ಬರಲಿ ಎಂದು ಕೂರುವವರಿಗಿಂತ ಕಾಯಿ ಕೀಳುವವನನ್ನು ಕರೆಯುವವರೇ ಹೆಚ್ಚು. ಅರವತ್ತು ಅಡಿ ಮರ ಹತ್ತುವವನಿಗೆ ಕಂಬ ಯಾವ ಲೆಕ್ಕ? ಅವರಿಗೆ ಬೇಕಾದದ್ದು ಒಂದೇ, ಆ ಹೊತ್ತಿಗೆ ಕರೆಂಟು ಇರಬಾರದು. "ಅಕ್ಕಾ, ಒಂದು ಗಳಿಗೆ ತೆಗ್ಸಿ ಕೊಡಿ, ನಾವೇ ಮಾಡ್ಕಂತೀವಿ" ಎಂದು ಗಿರಿಜಾಂಬಿಕಾಗೆ ಫೋನು. ಅವರು ಕರೆಂಟು ಬಿಡುವ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, ರಂಗರಾಜು ಕೆಲಸ ಮಾಡುತ್ತಿದ್ದಾನೆ ಎಂದು ಹೇಳಿ ಆ ಲೈನಿನ ಕರೆಂಟು ತೆಗೆಸುವುದು, ಮುಗಿಯಿತೆಂದು ಫೋನು ಬಂದ ಮೇಲೆ ಬಿಡಿಸುವುದು, ವಹಿಯಲ್ಲಿ ಬರೆದು ಮುಗಿಸುವುದು. ಮೊದಲು ವಾರಕ್ಕೊಂದು ಇತ್ತು. ಸಿಬ್ಬಂದಿ ಒಬ್ಬೊಬ್ಬರಾಗಿ ನಿವೃತ್ತಿಯಾದಂತೆ ದಿನಕ್ಕೊಂದೆರಡು, ಗಾಳಿ ಬೀಸಿದ ದಿನ ಎಂಟು ಹತ್ತು ಆಯಿತು. ಜನಕ್ಕೆ ಉಪಕಾರ, ತನಗೆ ಸೊನ್ನೆ, ಯಾರಿಗೂ ನಷ್ಟವಿಲ್ಲ ಎಂದೇ ಅವರು ಅಂದುಕೊಂಡಿದ್ದರು.

ಕಳೆದ ತಿಂಗಳವರೆಗೆ. ಅವತ್ತು ಲಕ್ಷ್ಮಕ್ಕನ ತೋಟದಲ್ಲಿ ಕಾಯಿ ಕೀಳುವ ಆಂಜನಪ್ಪ ಕಂಬದ ಮೇಲಿದ್ದ. ಅಷ್ಟರಲ್ಲಿ ಅದೇ ಲೈನಿನ ಮುಂದಿನ ತೋಟದ ಶ್ರೀರಂಗಯ್ಯ ಫೋನ್ ಮಾಡಿ ತನ್ನಲ್ಲೂ ಗರಿ ಬಿದ್ದಿದೆ ಎಂದ. ಹೇಗೂ ಲೈನು ನಿಂತಿದೆಯಲ್ಲ, ನೀವೂ ತೆಗೆದುಕೊಳ್ಳಿ ಎಂದರು ಇವರು. ಹತ್ತು ನಿಮಿಷದಲ್ಲಿ ಶ್ರೀರಂಗಯ್ಯ "ಆಯ್ತು ಕಣಕ್ಕ, ಬುಡ್ಸಿ" ಎಂದ. ಇವರ ಮುಂದೆ ಹೊಸ ಸಂಪರ್ಕದ ಅರ್ಜಿ ಹಿಡಿದ ನಾಲ್ವರು ನಿಂತಿದ್ದರು. ರಂಗರಾಜು ಕೆಲಸ ಮುಗೀತು ಎಂದು ಸ್ಟೇಷನ್ನಿಗೆ ಹೇಳಿಬಿಟ್ಟರು. ಕರೆಂಟು ಬಂತು. ಆಂಜನಪ್ಪ ಬದುಕಿದ್ದು ಅವನ ಸೊಂಟದಿಂದ ಸುಣ್ಣದ ಡಬ್ಬಿ ಜಾರಿ ಬಿದ್ದು, ಅದನ್ನು ಎತ್ತಿಕೊಳ್ಳಲು ಅವನು ಕೆಳಗಿಳಿದಿದ್ದರಿಂದ. ಮಾರನೆಯ ದಿನ ಕಚೇರಿಗೇ ಬಂದು ನಕ್ಕು ಹೇಳಿಹೋದ: "ಸುಣ್ಣ ಉಳಿಸ್ತು ಕಣಕ್ಕ ನನ್ನ!" ಗಿರಿಜಾಂಬಿಕಾ ಅದನ್ನು ಯಾರಿಗೂ ಹೇಳಲಿಲ್ಲ. ವಹಿಯಲ್ಲಿ ಎರಡೂ ದೂರಿನ ಮುಂದೆ ಎಂದಿನಂತೆ "ಸರಿಪಡಿಸಿದ್ದಾರೆ" ಎಂದೇ ಬರೆದಿದ್ದರು.

ಈಗ ಅತ್ತ ದರಿ, ಇತ್ತ ಪುಲಿ. ಸುಳ್ಳು ಸಾಲುಗಳನ್ನು ಹಾಗೇ ಬಿಟ್ಟರೆ ರುದ್ರೇಶ್ ಹೋಗುತ್ತಾನೆ, ಮೂವತ್ತನಾಲ್ಕು ಹಳ್ಳಿಯ ಕಂಬಗಳಿಗೂ ಆಂಜನಪ್ಪನಂಥವರೇ ಗತಿಯಾಗುತ್ತಾರೆ. ನಿಜ ಬರೆದರೆ ಮೊದಲು ಹೋಗುವುದು ತಮ್ಮ ಕೆಲಸ. ನಿವೃತ್ತಿಗೆ ಇನ್ನು ನಾಲ್ಕು ವರ್ಷವಿತ್ತು.

ಗುರುವಾರ ಹನ್ನೊಂದು ಗಂಟೆಗೆ ಲಕ್ಷ್ಮಕ್ಕನ ಫೋನು ಬಂತು. "ಗಿರಿಜಮ್ಮ, ಗರಿ ಬಿದ್ದೈತೆ. ಆಂಜನಪ್ಪ ಕಂಬದ ಬುಡದಾಗೆ ನಿಂತವ್ನೆ, ಕರೆಂಟ್ ತೆಗ್ಸವ್ವ."

"ಬ್ಯಾಡ ಲಕ್ಷ್ಮಕ್ಕ, ಅವನನ್ನ ಹತ್ತಿಸಬ್ಯಾಡ. ರುದ್ರೇಶ ಬೇರೆ ಹಳ್ಳೀಲವ್ನೆ. ಸಂಜೆ ಕಳಿಸ್ತೀನಿ."

"ಸಂಜೆಗಂಟ? ಸಸಿ ನೀರು ಕಂಡು ನಾಕು ದಿನ ಆಯ್ತು. ನಿನ್ನೆ ಮೊನ್ನೆಗಂಟ ಕೇಳಿದ್ ಗಳಿಗೇಲಿ ತೆಗ್ಸಿ ಕೊಡ್ತಿದ್ದೆ, ಇವತ್ತೇನ್ ಬಂತವ್ವ ನಿಂಗೆ?"

"ಕೊಡ್ತಿದ್ದೆ. ನಂದೇ ತಪ್ಪು."

"ಯಾರೋ ನಿನ್ ಕಿವಿ ಊದವ್ರೆ. ನಿಮ್ ಆಫೀಸ್ ಬುದ್ಧಿ ತೋರಿಸ್ಬುಟ್ಟೆ ಬುಡು!" ಲಕ್ಷ್ಮಕ್ಕ ಫೋನು ಇಟ್ಟುಬಿಟ್ಟಳು. ಸಂಜೆಯೊಳಗೆ ಅಂಥವೇ ಇನ್ನೂ ಏಳು ಫೋನುಗಳಿಗೆ ಇವರು ಇಲ್ಲ ಎಂದರು, ಏಳು ಕಡೆಯಿಂದಲೂ ಬೈಸಿಕೊಂಡರು. ರುದ್ರೇಶ್‌ಗೆ ಮೂರು ಕಡೆಗಷ್ಟೇ ಹೋಗಲಾಯಿತು. ಐದು ಗಂಟೆಗೆ ಬಾಕಿ ಕಾಲಂನಲ್ಲಿ ಐದು ಎಂದು ಬರೆಯುವಾಗ ಅವರಿಗೆ ಅಳು ಬಂತು. ಅತ್ತಿದ್ದು ನಾಚಿಕೆಗೋ ಸಿಟ್ಟಿಗೋ ಅವರಿಗೇ ತಿಳಿಯಲಿಲ್ಲ.

ಶುಕ್ರವಾರ ಬರೆದ ಟಿಪ್ಪಣಿ ಮುಕ್ಕಾಲು ಪುಟ. "ಆರು ತಿಂಗಳಲ್ಲಿ ಬಂದ ನಾನೂರ ಹನ್ನೆರಡು ದೂರುಗಳಲ್ಲಿ ಇನ್ನೂರ ಅರವತ್ತನ್ನು ನಮ್ಮ ಸಿಬ್ಬಂದಿ ಮುಟ್ಟಿಲ್ಲ. ಸಾರ್ವಜನಿಕರೇ ಕಂಬ ಹತ್ತಿ ಸರಿಪಡಿಸಿಕೊಂಡಿದ್ದಾರೆ. ಕರೆಂಟ್ ತೆಗೆಸಿಕೊಟ್ಟವಳು ನಾನು. ವಹಿಯಲ್ಲಿ ಸುಳ್ಳು ಬರೆದವಳೂ ನಾನು. ಕಳೆದ ತಿಂಗಳು ನನ್ನ ತಪ್ಪಿನಿಂದ ಒಬ್ಬರ ಜೀವ ಹೋಗುವುದರಲ್ಲಿತ್ತು." ದಿನಾಂಕ, ಕಂಬದ ನಂಬರು, ಆಂಜನಪ್ಪನ ಹೆಸರು, ಎಲ್ಲ ಇತ್ತು. ರಂಗರಾಜುವಿಗೆ ಇದು ಯಾವುದೂ ತಿಳಿದಿರಲಿಲ್ಲ ಎಂದೂ ಇತ್ತು.

ಮಹಾಂತೇಶ್ ಓದಿ ಮುಖ ಒರೆಸಿಕೊಂಡರು. "ಮೇಡಂ, ಇದು ಮೇಲಕ್ಕೆ ಹೋದ್ರೆ ನಮ್ಮಿಬ್ರ ಕಥೆ ಮುಗೀತದೆ."

"ಹೋಗ್ಲಿಲ್ಲ ಅಂದ್ರೆ ಆಂಜನಪ್ಪನ ಕಥೆ ಮುಗೀತದೆ ಸಾರ್."

ಮಹಾಂತೇಶ್ ಬಹಳ ಹೊತ್ತು ಪೆನ್ನಿನ ಕ್ಯಾಪು ತಿರುಗಿಸಿದರು. ಕೊನೆಗೆ ಕೆಳಗೆ ಸಣ್ಣ ಅಕ್ಷರದಲ್ಲಿ "ಸಹಾಯಕಿಯವರ ಹೇಳಿಕೆಯಂತೆ, ಮುಂದಿನ ಕ್ರಮಕ್ಕಾಗಿ" ಎಂದು ಬರೆದು ಇನ್ನೂ ಸಣ್ಣದಾಗಿ ಸಹಿ ಹಾಕಿದರು. ಕೈ ತೊಳೆದುಕೊಳ್ಳುವುದರಲ್ಲಿ ಚಿಕ್ಕ ವಯಸ್ಸಿಗೇ ಪಳಗಿದ್ದರು. ಗಿರಿಜಾಂಬಿಕಾ ಹಾಳೆ ತೆಗೆದುಕೊಂಡು, ತಾವೇ ಬಸ್ಸು ಹತ್ತಿ ತಿಪಟೂರಿನ ಉಪವಿಭಾಗ ಕಚೇರಿಗೆ ಹೋಗಿ ಕೊಟ್ಟು ಬಂದರು.

ಸೋಮವಾರ ಎರಡು ಲಕೋಟೆ ಬಂದವು. ಮೊದಲನೆಯದರಲ್ಲಿ, ತನಿಖೆ ಮುಗಿಯುವವರೆಗೆ ರುದ್ರೇಶ್‌ನನ್ನು ಶಾಖೆಯಲ್ಲೇ ಉಳಿಸಿಕೊಳ್ಳುವುದು ಎಂದಿತ್ತು. ಎರಡನೆಯದು ಸಹಾಯಕಿ ಗಿರಿಜಾಂಬಿಕಾ ಅವರಿಗೆ ಕಾರಣ ಕೇಳುವ ನೋಟೀಸು. ನೌಕರರಿಗೆ ನೋಟೀಸು ಜಾರಿ ಮಾಡಿ, ಸ್ವೀಕೃತಿ ಪಡೆದು, ಅವರ ವಿವರಣೆಯನ್ನು ಶಾಖೆಯ ಪತ್ರದೊಂದಿಗೆ ಏಳು ದಿನದೊಳಗೆ ಕಳುಹಿಸಬೇಕೆಂದು ಸೂಚನೆ. ಮಹಾಂತೇಶ್ ಇನ್ನೊಂದು ಶಾಖೆಯಲ್ಲಿದ್ದರು. ಫೋನ್ ಮಾಡಿದರೆ, "ನೀವೇ ನೋಡ್ಕೊಳ್ಳಿ ಮೇಡಂ" ಎಂದರು.

ಗಿರಿಜಾಂಬಿಕಾ ನೋಟೀಸಿಗೆ ಆವಕ ಸಂಖ್ಯೆ ಹಾಕಿದರು, ಸೀಲು ಒತ್ತಿದರು, ಒಂದು ಪ್ರತಿ ತಮಗೇ ಕೊಟ್ಟುಕೊಂಡು ಇನ್ನೊಂದರ ಮೇಲೆ "ಸ್ವೀಕರಿಸಿದೆ" ಎಂದು ಸಹಿ ಹಾಕಿದರು. ಮೆಟ್ಟಿಲು ಹತ್ತಿ ಬಂದ ರಂಗರಾಜು ಬಾಗಿಲ ಬಳಿ ಏದುಸಿರು ಬಿಡುತ್ತಾ ನಿಂತ. ರುದ್ರೇಶ್ ಉಳಿದ ಸುದ್ದಿ ಅವನಿಗೆ ತಲುಪಿತ್ತು, ನೋಟೀಸಿನದೂ.

"ಅಕ್ಕಾ, ನಿಮ್ಮೇಲೇ ಹಾಕವ್ರಂತೆ. ಈಗ ಇದ್ಕೆಲ್ಲ ಉತ್ತರ ಯಾರು ಬರೀತಾರೆ?"

"ಇನ್ಯಾರವ್ರೆ ರಂಗರಾಜು, ಈ ಶಾಖೇಲಿ?" ಎಂದು ಅವರು ಹೊಸ ಹಾಳೆ ತೆಗೆದು ಅಂಚು ಮಡಿಸಿದರು. ಮೊದಲು ಶಾಖೆಯ ಪರವಾಗಿ ಗಿರಿಜಾಂಬಿಕಾ ಅವರ ಬಗೆಗಿನ ಪತ್ರ, ಆಮೇಲೆ ಗಿರಿಜಾಂಬಿಕಾ ಅವರ ಉತ್ತರ.